ಅಪೀಲಿನ ಸ್ಥಿತಿ ಆನ್‌ಲೈನಿನಲ್ಲಿ ಕಾಣದಿದ್ದರೆ: ಮಾಜಿ ಸೈನಿಕರ ಅಂಗವೈಕಲ್ಯ ಪಿಂಚಣಿಗೊಂದು ದೋಷ ನಿವಾರಣೆ ಕೈಪಿಡಿ

ಜಾಲಹಳ್ಳಿ, ಯಲಹಂಕ, ಹಲಸೂರು, ವಿವೇಕನಗರ ಹೀಗೆ ಬೆಂಗಳೂರಿನಲ್ಲಿ ಮಾಜಿ ಸೈನಿಕರು ಹೆಚ್ಚಾಗಿ ನೆಲೆಸಿರುವ ಯಾವ ಬಡಾವಣೆಗೆ ಹೋದರೂ ಈ ದೂರು ಕಿವಿಗೆ ಬೀಳುತ್ತದೆ: ಅಂಗವೈಕಲ್ಯ ಪಿಂಚಣಿಗೆ ಅಪೀಲು ಹಾಕಿ ಬಹಳ ದಿನವಾಯಿತು, ವೆಬ್‌ಸೈಟಿನಲ್ಲಿ ನೋಡಿದರೆ ದಾಖಲೆಯೇ ಇಲ್ಲ ಎನ್ನುತ್ತದೆ. ವೆಬ್‌ಸೈಟ್ ಕೆಟ್ಟಿದೆ ಎಂದೋ ಫೈಲು ಕಳೆದುಹೋಗಿದೆ ಎಂದೋ ಜನ ತೀರ್ಮಾನಿಸಿಬಿಡುತ್ತಾರೆ. ಬಹಳ ಸಲ ಎರಡೂ ನಿಜವಲ್ಲ. ಅಪೀಲು ಒಂದು ಕಚೇರಿಯಲ್ಲಿ ಇರುತ್ತದೆ, ನಾವು ಹುಡುಕುವುದು ಇನ್ನೊಂದು ಕಚೇರಿಯ ವೆಬ್‌ಸೈಟಿನಲ್ಲಿ. ಮೆಜೆಸ್ಟಿಕ್‌ನಲ್ಲಿ ನಿಂತು ಯಶವಂತಪುರದಿಂದ ಹೊರಡುವ ರೈಲಿಗೆ ಕಾದ ಹಾಗೆ.

ಈ ಅಪೀಲಿಗೆ ಆರಂಭದಿಂದ ಕೊನೆಯವರೆಗಿನ ಸ್ಥಿತಿಯನ್ನು ತೋರಿಸುವ ಒಂದೇ ಜಾಲತಾಣ ಇಲ್ಲ. ಕಾಗದ ಕೈಯಿಂದ ಕೈಗೆ ಹೋಗುತ್ತದೆ. ಕೆಲವು ಹಂತಗಳಿಗೆ ಆನ್‌ಲೈನ್ ಕಿಂಡಿ ಇದೆ, ಕೆಲವಕ್ಕೆ ಇಲ್ಲವೇ ಇಲ್ಲ. ಆದ್ದರಿಂದ ದೋಷ ಹುಡುಕುವವರು ಕೇಳಬೇಕಾದ ಮೊದಲ ಪ್ರಶ್ನೆ «ಇಂದು ನನ್ನ ಕಾಗದ ಯಾರ ಮೇಜಿನ ಮೇಲಿದೆ» ಎಂಬುದು. ಅದಕ್ಕೆ ಉತ್ತರ ಸಿಗುವವರೆಗೂ ಪಾಸ್‌ವರ್ಡ್ ಬದಲಿಸುವುದರಿಂದ ಏನೂ ಆಗದು. ಇನ್ನೊಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಇಡೀ ಬರಹದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಅದೇ: ತೆರೆಯ ಮೇಲೆ ಏನೂ ಕಾಣದಿದ್ದರೂ ಕಾನೂನಿನ ಗಡುವು ಓಡುತ್ತಲೇ ಇರುತ್ತದೆ.

ಮೊದಲು ಕಡತ, ಆಮೇಲೆ ಕಂಪ್ಯೂಟರ್

ಮನೆಯಲ್ಲಿರುವ ಕಡತವನ್ನು ತೆಗೆದು ಕೊನೆಯದಾಗಿ ಬಂದ ಸರ್ಕಾರಿ ಪತ್ರವನ್ನು ಹುಡುಕಿ. ಅದಕ್ಕೆ ಸಹಿ ಮಾಡಿದ ಕಚೇರಿ ಯಾವುದು, ದಿನಾಂಕ ಏನು, ಕೊನೆಯ ಪ್ಯಾರಾದಲ್ಲಿ ಏನು ಬರೆದಿದೆ ಎಂದು ನೋಡಿ. ನಿಮ್ಮ ಅಪೀಲು ಯಾವ ಹಂತದಲ್ಲಿದೆ ಎಂಬುದನ್ನು ಆ ಪತ್ರವೇ ಹೇಳುತ್ತದೆ.

ಹಂತಗಳು ಹೀಗಿವೆ. ಸೇವೆಯಿಂದ ಬಿಡುಗಡೆಯಾಗುವಾಗ ಮೆಡಿಕಲ್ ಬೋರ್ಡ್ ಕಾಯಿಲೆಯ ಶೇಕಡಾವಾರು ಪ್ರಮಾಣವನ್ನು ಬರೆಯುತ್ತದೆ, ಅದು ಸೇನಾ ಸೇವೆಯಿಂದ ಬಂದದ್ದೇ ಅಥವಾ ಸೇವೆಯಿಂದ ಉಲ್ಬಣಿಸಿದ್ದೇ ಎಂಬುದನ್ನೂ ಬರೆಯುತ್ತದೆ. ಎರಡೂ ಅಲ್ಲ ಎಂದು ಬರೆದರೆ, ಅಥವಾ ಪ್ರಮಾಣ ಶೇಕಡ 20ಕ್ಕಿಂತ ಕಡಿಮೆ ಎಂದರೆ, ಅಂಗವೈಕಲ್ಯದ ಅಂಶ ತಿರಸ್ಕೃತವಾಗುತ್ತದೆ. ತಿರಸ್ಕಾರದ ಪತ್ರ ನಿಮ್ಮ ದಳದ ಸೇವಾ ದಾಖಲೆಗಳನ್ನು ಇಟ್ಟಿರುವ ರೆಕಾರ್ಡ್ ಕಚೇರಿಯಿಂದ ಬರುತ್ತದೆ. ಆರು ತಿಂಗಳೊಳಗೆ ಮೊದಲ ಅಪೀಲು ಸಲ್ಲಿಸಬಹುದು ಎಂಬ ಸಾಲು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಮೊದಲ ಅಪೀಲನ್ನು ಸೇನಾ ಕೇಂದ್ರ ಕಚೇರಿಯ ಮೊದಲ ಅಪೀಲು ಸಮಿತಿ ನೋಡುತ್ತದೆ. ಅದೂ ತಿರಸ್ಕೃತವಾದರೆ ಎರಡನೆಯ ಅಪೀಲು ಸಮಿತಿ ಇದೆ. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಎಲ್ಲಿ ಗೆದ್ದರೂ ಹಣ ಬಿಡುಗಡೆಯ ಆದೇಶವನ್ನು ಬರೆಯುವುದು ಪ್ರಯಾಗ್‌ರಾಜ್‌ನಲ್ಲಿರುವ ರಕ್ಷಣಾ ಪಿಂಚಣಿ ಲೆಕ್ಕಪತ್ರ ಕಚೇರಿ. ಅದರ ಫಲ ಕಾಣುವುದು ರಕ್ಷಣಾ ಪಿಂಚಣಿಯ ಆನ್‌ಲೈನ್ ವ್ಯವಸ್ಥೆಯಾದ ಸ್ಪರ್ಶ್ ಪೋರ್ಟಲಿನಲ್ಲಿ.

ಒಂದು ಹಾಳೆಯ ಮೇಲೆ ಇಷ್ಟನ್ನು ಬರೆದಿಟ್ಟುಕೊಳ್ಳಿ: ಸೇನಾ ಸಂಖ್ಯೆ, ಅದರ ಕೊನೆಯಲ್ಲಿರುವ ಅಕ್ಷರದ ಸಮೇತ; ಹಳೆಯ ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ ಮತ್ತು ಸ್ಪರ್ಶ್ ಕೊಟ್ಟಿರುವ 12 ಅಂಕಿಯ ಹೊಸ ಪಿಪಿಒ ಸಂಖ್ಯೆ; ಕೊನೆಯ ಪತ್ರದ ಉಲ್ಲೇಖ ಸಂಖ್ಯೆ ಮತ್ತು ದಿನಾಂಕ; ಅಪೀಲು ಕಳುಹಿಸಿದ ಸ್ಪೀಡ್ ಪೋಸ್ಟಿನ ಸಂಖ್ಯೆ. ಕೊನೆಯ ಅಕ್ಷರವನ್ನು ಬಿಟ್ಟು ಸೇನಾ ಸಂಖ್ಯೆ ತುಂಬುವುದರಿಂದ, ಹೊಸ ಸಂಖ್ಯೆ ಕೇಳುವ ಕಡೆ ಹಳೆಯ ಪಿಪಿಒ ಸಂಖ್ಯೆಯನ್ನು ಕೊಡುವುದರಿಂದ «ದಾಖಲೆ ಸಿಗಲಿಲ್ಲ» ಎಂಬ ಉತ್ತರ ಬರುವುದು ತೀರ ಸಾಮಾನ್ಯ.

ಸಂಬಂಧವೇ ಇಲ್ಲದ ಕಡೆ ಹುಡುಕುವುದು

ನಮ್ಮ ರಾಜ್ಯದಲ್ಲಿ ಇದು ವಿಶೇಷವಾಗಿ ಆಗುತ್ತದೆ, ಏಕೆಂದರೆ ನಮಗೆ ಅಭ್ಯಾಸವಾಗಿರುವ ಪೋರ್ಟಲುಗಳು ರಾಜ್ಯ ಸರ್ಕಾರದವು. ಸೇವಾ ಸಿಂಧುವಿನಲ್ಲಿ ಮಾಜಿ ಸೈನಿಕರ ಗುರುತಿನ ಚೀಟಿಗೆ ಅರ್ಜಿ ಹಾಕಿದಾಗ ಸಿಕ್ಕ ಸಂಖ್ಯೆಗೂ ಪಿಂಚಣಿ ಅಪೀಲಿಗೂ ಯಾವ ನಂಟೂ ಇಲ್ಲ. ಜನಸ್ಪಂದನದ 1902ಕ್ಕೆ ಕರೆ ಮಾಡಿದರೆ ದೂರು ದಾಖಲಾದರೂ ಕೇಂದ್ರ ಸರ್ಕಾರದ ಕಡತವನ್ನು ರಾಜ್ಯದ ಅಧಿಕಾರಿ ತೆರೆಯಲಾರರು. ಕೇಂದ್ರೀಯ ಸೈನಿಕ ಮಂಡಳಿಯ ತಾಣದಲ್ಲಿ ಕಾಣುವುದು ವಿದ್ಯಾರ್ಥಿವೇತನದಂಥ ಕಲ್ಯಾಣ ಯೋಜನೆಗಳ ಸ್ಥಿತಿ. ಕರ್ನಾಟಕದ ಮಾಹಿತಿ ಹಕ್ಕು ಪೋರ್ಟಲ್ ರಾಜ್ಯದ ಕಚೇರಿಗಳಿಗೆ ಮೀಸಲು. ರಕ್ಷಣಾ ಇಲಾಖೆಗೆ ಕೇಂದ್ರದ ಆರ್‌ಟಿಐ ಪೋರ್ಟಲನ್ನೇ ಬಳಸಬೇಕು. ಇಕೋರ್ಟ್ಸ್ ಆ್ಯಪ್‌ನಲ್ಲಿ ಜಿಲ್ಲಾ ನ್ಯಾಯಾಲಯ ಮತ್ತು ಹೈಕೋರ್ಟ್ ಪ್ರಕರಣಗಳು ಸಿಗುತ್ತವೆ, ಸಶಸ್ತ್ರ ಪಡೆಗಳ ನ್ಯಾಯಮಂಡಳಿಯವು ಸಿಗುವುದಿಲ್ಲ. ಆ ಆ್ಯಪ್ ಕೇಳುವ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ನಿಮ್ಮ ಬಳಿ ಇಲ್ಲವೆಂದು ಗಾಬರಿಯಾಗಬೇಡಿ. ನ್ಯಾಯಮಂಡಳಿಯ ಪ್ರಕರಣಕ್ಕೆ ಅಂಥ ಸಂಖ್ಯೆಯ ಅಗತ್ಯವಿಲ್ಲ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪ ರಸ್ತೆಯಲ್ಲಿರುವ ರಾಜ್ಯ ಸೈನಿಕ ಕಲ್ಯಾಣ ಇಲಾಖೆಯೂ ಅಪೀಲನ್ನು ತೀರ್ಮಾನಿಸುವುದಿಲ್ಲ. ಆದರೆ ಅಲ್ಲಿಗೆ ಹೋಗುವುದು ವ್ಯರ್ಥವಲ್ಲ. ಯಾವ ರೆಕಾರ್ಡ್ ಕಚೇರಿಗೆ ಬರೆಯಬೇಕು, ಯಾವ ದಾಖಲೆ ಲಗತ್ತಿಸಬೇಕು ಎಂಬುದನ್ನು ತಿಳಿದುಕೊಳ್ಳಲು ಸೈನಿಕ ಕಲ್ಯಾಣ ಕಚೇರಿಗಿಂತ ಒಳ್ಳೆಯ ಜಾಗ ಇಲ್ಲ. ಪತಿಯನ್ನು ಕಳೆದುಕೊಂಡು ಒಬ್ಬರೇ ಓಡಾಡುವ ಹೆಣ್ಣುಮಕ್ಕಳು ಸೈಬರ್ ಸೆಂಟರಿನಲ್ಲಿ ಅಪರಿಚಿತರ ಕೈಗೆ ಕಾಗದ ಕೊಡುವ ಬದಲು ಮೊದಲು ಅಲ್ಲಿಗೆ ಹೋಗಲಿ.

ಲಕ್ಷಣ: ಸ್ಪರ್ಶ್‌ಗೆ ಲಾಗಿನ್ ಆಗುತ್ತದೆ, ಆದರೆ ಅಪೀಲು ಕಾಣುವುದಿಲ್ಲ

ಇದು ದೋಷವೇ ಅಲ್ಲ. ಸ್ಪರ್ಶ್ ಪಿಂಚಣಿ ಮಂಜೂರಾತಿಯ ಮತ್ತು ಪಾವತಿಯ ವ್ಯವಸ್ಥೆ. ಅಪೀಲು ಸಮಿತಿಯ ಮುಂದಿರುವ ಕಾಗದ ಅಲ್ಲಿ ಕಾಣಿಸಿಕೊಳ್ಳುವುದಿಲ್ಲ. ಅಪೀಲು ಒಪ್ಪಿತವಾಗಿ, ರೆಕಾರ್ಡ್ ಕಚೇರಿಯಿಂದ ಪ್ರಯಾಗ್‌ರಾಜ್‌ಗೆ ದಾಖಲೆ ಹೋಗಿ, ತಿದ್ದುಪಡಿ ಪಿಪಿಒ ಹೊರಬಿದ್ದ ಮೇಲಷ್ಟೇ ನಿಮ್ಮ ಖಾತೆಯಲ್ಲಿ ಬದಲಾವಣೆ ಕಾಣುತ್ತದೆ. ಜನ ಅದನ್ನು ಕಾರಿಜೆಂಡಮ್ ಪಿಪಿಒ ಎನ್ನುತ್ತಾರೆ, ಕಚೇರಿಯಲ್ಲೂ ಹಾಗೆಯೇ ಕೇಳಿ. ಅಪೀಲು ಇನ್ನೂ ಸಮಿತಿಯ ಮುಂದಿದ್ದರೆ ದಿನವೂ ಸ್ಪರ್ಶ್ ತೆರೆದು ನೋಡುವುದನ್ನು ನಿಲ್ಲಿಸಿ. ತಿಂಗಳಿಗೊಮ್ಮೆ ಪಿಂಚಣಿ ಚೀಟಿ ಇಳಿಸಿಕೊಳ್ಳಲು ತೆರೆದರೆ ಸಾಕು.

ಸ್ಪರ್ಶ್‌ನ ದೂರು ವಿಭಾಗದಲ್ಲಿ ನೀವು ಅಪೀಲಿನ ಬಗ್ಗೆ ಏನಾದರೂ ದಾಖಲಿಸಿದ್ದರೆ ಅದಕ್ಕೊಂದು ಸಂಖ್ಯೆ ಬಂದಿರುತ್ತದೆ. ಅದು ದೂರಿನ ಸಂಖ್ಯೆ. ದೂರು ಮುಕ್ತಾಯ ಎಂದು ಅಲ್ಲಿ ತೋರಿಸಿದರೆ ಅಪೀಲು ವಜಾ ಆಯಿತೆಂದು ಅರ್ಥವಲ್ಲ. ಇದೇ ಕಾರಣಕ್ಕೆ ಆಸೆ ಬಿಟ್ಟವರಿದ್ದಾರೆ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಲಾಗಿನ್ನೇ ಆಗದಿದ್ದರೆ ಕಾರಣಗಳು ಕೆಲವೇ. ಒಟಿಪಿ ಬರುವುದು ಸ್ಪರ್ಶ್‌ನಲ್ಲಿ ನೋಂದಾಯಿತವಾದ ಮೊಬೈಲಿಗೆ. ಆಧಾರ್‌ಗೆ ಜೋಡಿಸಿದ ಸಂಖ್ಯೆ ಬೇರೆಯಾಗಿರಬಹುದು. ಊರಿನಲ್ಲಿದ್ದಾಗಿನ ಹಳೆಯ ಸಿಮ್ ಬಿಟ್ಟು ಬೆಂಗಳೂರಿನಲ್ಲಿ ಹೊಸದನ್ನು ತೆಗೆದುಕೊಂಡವರಿಗೆ ಇದು ತಪ್ಪಿದ್ದಲ್ಲ. ಸಾಮಾನ್ಯ ಸೇವಾ ಕೇಂದ್ರದಲ್ಲಿ ಅಥವಾ ಸ್ಪರ್ಶ್ ಸೇವಾ ಕೇಂದ್ರವಾಗಿರುವ ಬ್ಯಾಂಕ್ ಶಾಖೆಯಲ್ಲಿ ಸಂಖ್ಯೆಯನ್ನು ಬದಲಿಸಿಕೊಳ್ಳಿ. ಹೆಸರು ಹೊಂದುತ್ತಿಲ್ಲ ಎಂಬ ಸಂದೇಶ ಬಂದರೆ ಪಿಪಿಒದಲ್ಲಿರುವ ಇನಿಷಿಯಲ್ಲಿಗೂ ಆಧಾರ್‌ನಲ್ಲಿರುವ ಪೂರ್ಣ ಹೆಸರಿಗೂ ಇರುವ ವ್ಯತ್ಯಾಸವೇ ಕಾರಣವಾಗಿರುತ್ತದೆ. ಪಿಡಿಎಫ್ ತೆರೆಯದಿದ್ದರೆ ಬ್ರೌಸರ್ ಪಾಪ್ ಅಪ್ ತಡೆಯುತ್ತಿದೆಯೇ ನೋಡಿ. ಪಿಂಚಣಿಯೇ ನಿಂತುಹೋಗಿದ್ದರೆ ಅದು ಅಪೀಲಿನ ಪರಿಣಾಮವಲ್ಲ, ಜೀವನ ಪ್ರಮಾಣ ಪತ್ರ ಬಾಕಿ ಉಳಿದಿರಬಹುದು. ಅದನ್ನು ಅಂದೇ ಸರಿಪಡಿಸಿ.

ಲಕ್ಷಣ: ಅಪೀಲು ಕಳುಹಿಸಿದ ಮೇಲೆ ಎಲ್ಲೆಲ್ಲೂ ಮೌನ

ನಿಜವಾದ ತೊಂದರೆ ಇರುವುದು ಇಲ್ಲಿ. ಮೊದಲ ಮತ್ತು ಎರಡನೆಯ ಅಪೀಲಿನ ಹಂತದಲ್ಲಿ ಆನ್‌ಲೈನಿನಲ್ಲಿ ಸಿಗುವ ಮಾಹಿತಿ ತೀರ ಕಡಿಮೆ. ಹಾಗಾಗಿ ಮೌನಕ್ಕೆ ಕಾರಣ ಯಾವುದೆಂದು ಒಂದೊಂದಾಗಿ ಪರೀಕ್ಷಿಸಬೇಕು.

ಅಪೀಲು ತಲುಪಿದೆಯೇ? ಅಂಚೆ ಇಲಾಖೆಯ ತಾಣದಲ್ಲಿ ಸ್ಪೀಡ್ ಪೋಸ್ಟಿನ ಸಂಖ್ಯೆಯನ್ನು ಹಾಕಿ. ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ಐಎನ್, ಒಟ್ಟು 13. ಸೊನ್ನೆಯ ಬದಲು ಓ ಅಕ್ಷರ ಹಾಕಿದರೆ ಸಿಗದು. ತಲುಪಿದ ದಿನಾಂಕ ಕಂಡ ತಕ್ಷಣ ಮುದ್ರಿಸಿಕೊಳ್ಳಿ ಅಥವಾ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ವಿವರ ಅಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ. ಮುಂದೆ ಗಡುವಿನ ಲೆಕ್ಕ ಹಾಕುವಾಗ ಈ ಒಂದು ಕಾಗದಕ್ಕೆ ಬಹಳ ಬೆಲೆ ಇದೆ.

ಸರಿಯಾದ ಕಡೆಗೇ ತಲುಪಿದೆಯೇ? ಬೆಂಗಳೂರಿನಲ್ಲಿ ವಾಸವಿದ್ದೀರಿ ಎಂದ ಮಾತ್ರಕ್ಕೆ ನಿಮ್ಮ ದಾಖಲೆ ಬೆಂಗಳೂರಿನಲ್ಲಿ ಇರಬೇಕೆಂದಿಲ್ಲ. ಮದ್ರಾಸ್ ಎಂಜಿನಿಯರ್ ಗ್ರೂಪ್, ಸೇನಾ ಪೊಲೀಸ್ ದಳ, ಪಯೋನಿಯರ್ ದಳ, ಸರ್ವಿಸ್ ಕೋರ್‌ನ ದಕ್ಷಿಣ ವಿಭಾಗ ಇವುಗಳ ರೆಕಾರ್ಡ್ ಕಚೇರಿಗಳು ನಗರದಲ್ಲೇ ಇವೆ. ಮರಾಠಾ ಲಘು ಪದಾತಿ ದಳದವರದ್ದು ಬೆಳಗಾವಿಯಲ್ಲಿದೆ. ಫಿರಂಗಿ ದಳದವರು ನಾಸಿಕ್ ರೋಡಿಗೆ, ಇಎಂಇ ದಳದವರು ಸಿಕಂದರಾಬಾದಿಗೆ, ಸಿಗ್ನಲ್ಸ್ ದಳದವರು ಜಬಲ್‌ಪುರಕ್ಕೆ ಬರೆಯಬೇಕು. ವಾಯುಪಡೆಯವರಿಗೆ ದೆಹಲಿಯ ಸುಬ್ರೋತೊ ಪಾರ್ಕ್, ನೌಕಾಪಡೆಯ ನಾವಿಕರಿಗೆ ಮುಂಬೈನ ಮಾನ್‌ಖುರ್ದ್. ಯಾವ ದಳದಿಂದ ನಿವೃತ್ತರಾದಿರೋ ಆ ದಳದ ಕಚೇರಿಯಲ್ಲೇ ನಿಮ್ಮ ಕಡತ ಇರುತ್ತದೆ. ನಗರದಲ್ಲೇ ಇರುವ ಕಚೇರಿಯಾದರೆ ಗುರುತಿನ ಚೀಟಿ ಮತ್ತು ಅಂಚೆ ರಸೀದಿ ಹಿಡಿದು ಖುದ್ದಾಗಿ ಹೋಗಿ, ಸ್ವೀಕೃತಿಯ ಡೈರಿ ಸಂಖ್ಯೆಯನ್ನು ಬರೆಸಿಕೊಂಡು ಬನ್ನಿ. ಆ ಸಂಖ್ಯೆ ಕೈಯಲ್ಲಿದ್ದರೆ ಮುಂದಿನ ಪತ್ರ, ದೂರು, ಆರ್‌ಟಿಐ ಅರ್ಜಿ ಎಲ್ಲವೂ ನೇರವಾಗಿ ಕಡತವನ್ನೇ ಮುಟ್ಟುತ್ತವೆ.

ಮೂರನೆಯ ಕಾರಣವನ್ನು ಯಾರೂ ಊಹಿಸುವುದಿಲ್ಲ, ಆದರೆ ಅತ್ಯಂತ ಹಾನಿ ಮಾಡುವುದು ಅದೇ: ಅಪೀಲು ಈಗಾಗಲೇ ತೀರ್ಮಾನವಾಗಿ, ಪತ್ರ ಹಳೆಯ ವಿಳಾಸಕ್ಕೆ ಹೋಗಿರುವುದು. ಸೇನೆಯ ದಾಖಲೆಯಲ್ಲಿರುವುದು ಭರ್ತಿಯಾದಾಗ ಅಥವಾ ನಿವೃತ್ತಿಯಾದಾಗ ಕೊಟ್ಟ ಊರಿನ ವಿಳಾಸ. ಮಗಳ ಮನೆಗೋ ಹೊಸ ಬಡಾವಣೆಗೋ ಬಂದು ನೆಲೆಸಿದವರು ಬ್ಯಾಂಕಿಗೆ ತಿಳಿಸುತ್ತಾರೆ, ಆಧಾರ್ ಬದಲಿಸುತ್ತಾರೆ, ರೆಕಾರ್ಡ್ ಕಚೇರಿಗೆ ತಿಳಿಸಲು ಮರೆಯುತ್ತಾರೆ. ತಿರಸ್ಕಾರದ ಪತ್ರ ಹಾಸನದ ಹಳ್ಳಿಯ ಬೀಗ ಹಾಕಿದ ಬಾಗಿಲಿಗೆ ಹೋಗಿ ಹಿಂತಿರುಗಿರುತ್ತದೆ. ಇತ್ತ ಎರಡನೆಯ ಅಪೀಲಿನ ಆರು ತಿಂಗಳು ಕಳೆಯುತ್ತಿರುತ್ತವೆ. ಆದ್ದರಿಂದ ಮೌನ ದೀರ್ಘವಾಯಿತು ಎನಿಸಿದರೆ ಊರಿನ ಅಂಚೆಯವರನ್ನು ಫೋನಿನಲ್ಲಿ ವಿಚಾರಿಸಿ, ಅಂದೇ ರೆಕಾರ್ಡ್ ಕಚೇರಿಗೆ ಹೊಸ ವಿಳಾಸ, ಮೊಬೈಲ್ ಮತ್ತು ಇಮೇಲ್ ತಿಳಿಸುವ ಪತ್ರ ಬರೆಯಿರಿ. ಅಪೀಲಿನ ಬಗ್ಗೆ ತೀರ್ಮಾನವೇನಾದರೂ ಆಗಿದ್ದರೆ ಪ್ರತಿಯನ್ನು ಈ ವಿಳಾಸಕ್ಕೆ ಕಳುಹಿಸಿ ಎಂಬ ಸಾಲನ್ನೂ ಅದೇ ಪತ್ರದಲ್ಲಿ ಸೇರಿಸಿ.

ಆಗಲೂ ಉತ್ತರ ಬಾರದಿದ್ದರೆ ಆರ್‌ಟಿಐ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನದ ಗಡುವು. ಅರ್ಜಿಯಲ್ಲಿ ಅನ್ಯಾಯದ ಕಥೆಯನ್ನು ಬರೆಯಬೇಡಿ. ಎದೆಯಲ್ಲಿ ಎಷ್ಟೇ ನೋವಿದ್ದರೂ ಅದಕ್ಕೆ ಜಾಗ ಅಪೀಲಿನಲ್ಲಿದೆ. ಇಲ್ಲಿ ದಾಖಲೆಯನ್ನು ಮಾತ್ರ ಕೇಳಿ: ಇಂಥ ದಿನಾಂಕದಂದು ಸ್ವೀಕೃತವಾದ ನನ್ನ ಅಪೀಲು ಯಾವ ವಿಭಾಗಕ್ಕೆ, ಯಾವ ದಿನ ರವಾನೆಯಾಯಿತು, ಕಡತದ ಟಿಪ್ಪಣಿ ಹಾಳೆಗಳ ಪ್ರತಿ, ನನ್ನ ಬಿಡುಗಡೆ ಮೆಡಿಕಲ್ ಬೋರ್ಡ್ ವರದಿಯ ಪೂರ್ಣ ಪ್ರತಿ, ತೀರ್ಮಾನವಾಗಿದ್ದರೆ ಆದೇಶದ ಪ್ರತಿ. ಮೆಡಿಕಲ್ ಬೋರ್ಡ್ ವರದಿಯನ್ನು ತಪ್ಪದೆ ಕೇಳಿ. ನ್ಯಾಯಮಂಡಳಿಗೆ ಹೋಗುವ ದಿನ ಬಂದರೆ ಇಡೀ ಪ್ರಕರಣ ನಿಲ್ಲುವುದು ಅದರ ಮೇಲೆ. ಸೇವೆಗೆ ಸೇರಿದಾಗ ಆರೋಗ್ಯವಂತನೆಂದು ಒಪ್ಪಿಕೊಂಡ ಮೇಲೆ, ಆಮೇಲೆ ಬಂದ ಕಾಯಿಲೆ ಸೇವೆಯಿಂದಲ್ಲ ಎನ್ನಲು ಮೆಡಿಕಲ್ ಬೋರ್ಡ್ ಕಾರಣ ಬರೆಯಬೇಕು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವರದಿಯಲ್ಲಿ ಆ ಕಾರಣ ಇದೆಯೋ ಇಲ್ಲವೋ ಎಂದು ನೋಡದೆ ಯಾವ ವಕೀಲರೂ ನಿಮಗೆ ಸರಿಯಾದ ಸಲಹೆ ಕೊಡಲಾರರು.

ಆರ್‌ಟಿಐ ಸ್ಥಿತಿ ನೋಡುವಾಗ ಒಂದು ಗೊಂದಲ ಆಗುತ್ತದೆ. ಅರ್ಜಿ ಬೇರೆ ಕಚೇರಿಗೆ ಸಂಬಂಧಿಸಿದ್ದಾದರೆ ಕಾಯ್ದೆಯ 6(3)ನೆಯ ಕಲಮಿನಡಿ ಅದನ್ನು ಅಲ್ಲಿಗೆ ವರ್ಗಾಯಿಸುತ್ತಾರೆ, ಹೊಸ ನೋಂದಣಿ ಸಂಖ್ಯೆ ಇಮೇಲಿಗೆ ಬರುತ್ತದೆ. ಹಳೆಯ ಸಂಖ್ಯೆಯನ್ನೇ ಹಾಕಿ ನೋಡುವವರಿಗೆ ಅರ್ಜಿ ನಿಂತುಹೋದಂತೆ ಕಾಣುತ್ತದೆ. ಇಮೇಲಿನ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಒಮ್ಮೆ ಹುಡುಕಿ.

ಗಡುವಿನ ಲೆಕ್ಕ

ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಕಾಯ್ದೆ 2007ರ 21 ಮತ್ತು 22ನೆಯ ಕಲಮುಗಳನ್ನು ಪ್ರತಿ ಮಾಜಿ ಸೈನಿಕರ ಮನೆಯಲ್ಲೂ ಯಾರಾದರೊಬ್ಬರು ಓದಿರಬೇಕು. ಅಂತಿಮ ಆದೇಶ ಬಂದಿದ್ದರೆ ಅದರ ದಿನಾಂಕದಿಂದ ಆರು ತಿಂಗಳೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಮನವಿ ಕೊಟ್ಟು ಆರು ತಿಂಗಳಾದರೂ ಆದೇಶವೇ ಬಾರದಿದ್ದರೆ ಇಲಾಖೆಯೊಳಗಿನ ಪರಿಹಾರವನ್ನು ಬಳಸಿಕೊಂಡಂತೆಯೇ ಲೆಕ್ಕ. ಅಲ್ಲಿಂದ ಮುಂದಿನ ಆರು ತಿಂಗಳೊಳಗೆ ಅರ್ಜಿ ಹಾಕಬಹುದು. ಉದಾಹರಣೆಗೆ, ಮನವಿ ಸಲ್ಲಿಸಿದ್ದು 2025ರ ಜನವರಿ 10ರಂದು ಎಂದಿಟ್ಟುಕೊಳ್ಳಿ. 2025ರ ಜುಲೈ 10ರವರೆಗೂ ಉತ್ತರವಿಲ್ಲದಿದ್ದರೆ ನ್ಯಾಯಮಂಡಳಿಯ ಬಾಗಿಲು ತೆರೆಯುತ್ತದೆ, 2026ರ ಜನವರಿ 10ಕ್ಕೆ ಆ ಅವಧಿ ಮುಗಿಯುತ್ತದೆ. ಎರಡನೆಯ ಅಪೀಲು ಹಾಕದೆ ನೇರವಾಗಿ ಹೋಗಬಹುದೇ ಎಂಬುದು ವಕೀಲರ ಜೊತೆ ಕೂತು, ಕಾಗದಗಳನ್ನು ತೋರಿಸಿ ತೀರ್ಮಾನಿಸಬೇಕಾದ ಮಾತು. ತಡವಾದರೆ ಸೂಕ್ತ ಕಾರಣ ತೋರಿಸಿ ಮನ್ನಿಸುವಂತೆ ಕೇಳಲು ಅವಕಾಶ ಇದೆ. ಆದರೂ ತಡಕ್ಕೆ ಬೆಲೆ ತೆರಬೇಕಾಗುತ್ತದೆ: 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ, ತಡವಾಗಿ ಬಂದವರಿಗೆ ಹಿಂದಿನ ಬಾಕಿಯನ್ನು ಅರ್ಜಿಯ ಹಿಂದಿನ ಮೂರು ವರ್ಷಕ್ಕೆ ಮಿತಿಗೊಳಿಸುವುದು ರೂಢಿಯಾಗಿದೆ. ಸ್ಥಿತಿ ಕಾಣಲಿ, ಆಮೇಲೆ ನೋಡೋಣ ಎಂದು ಕಾಯುವವರು ಕಳೆದುಕೊಳ್ಳುವುದು ತಮ್ಮದೇ ಹಣವನ್ನು.

ಲಕ್ಷಣ: ಸಿಪಿಗ್ರಾಮ್ಸ್‌ನಲ್ಲಿ ದೂರು ಮುಕ್ತಾಯ ಎಂದು ಬಂದಿದೆ

ಸಿಪಿಗ್ರಾಮ್ಸ್ ಎಂಬ ಕೇಂದ್ರದ ಸಾರ್ವಜನಿಕ ದೂರು ಪೋರ್ಟಲಿನಲ್ಲಿ ಉತ್ತರಕ್ಕೆ 2024ರ ಆಗಸ್ಟ್‌ನಿಂದ 21 ದಿನಗಳ ಗಡುವು ಇದೆ, ಹಿಂದೆ ಅದು 30 ದಿನ ಇತ್ತು. ಗಡುವಿನೊಳಗೆ ಬಹಳಷ್ಟು ದೂರುಗಳು ಮುಕ್ತಾಯವಾಗುತ್ತವೆ. ಅದರೊಳಗಿನ ಉತ್ತರವನ್ನು ತೆರೆದು ಓದಿ. ದೂರನ್ನು ಇಂಥ ಕಚೇರಿಗೆ ಕಳುಹಿಸಲಾಗಿದೆ ಎಂದಿದ್ದರೆ ನಿಮಗೆ ಬೇಕಾದ ಒಂದು ಸುಳಿವು ಸಿಕ್ಕಿತು: ಕಾಗದ ಅಲ್ಲಿದೆ. ಉತ್ತರದಲ್ಲಿ ಹುರುಳಿಲ್ಲದಿದ್ದರೆ ಪ್ರತಿಕ್ರಿಯೆಯಲ್ಲಿ ಅತೃಪ್ತಿ ದಾಖಲಿಸಿ, 30 ದಿನದೊಳಗೆ ಪೋರ್ಟಲಿನಲ್ಲೇ ಮೇಲ್ಮನವಿ ಹಾಕಿ. ಇದು ದೂರಿನ ಮೇಲಿನ ಮೇಲ್ಮನವಿ, ಪಿಂಚಣಿಯದಲ್ಲ. ಇದನ್ನು ಹಾಕಿದ್ದರಿಂದ ಎರಡನೆಯ ಅಪೀಲು ಹಾಕಿದಂತೆ ಆಗುವುದಿಲ್ಲ.

ದೂರು ಬರೆಯುವಾಗ ಒಂದೇ ಪ್ರಶ್ನೆ ಇರಲಿ. ಅಂಗವೈಕಲ್ಯ ಪಿಂಚಣಿ ಕೊಡಿಸಿ ಎಂದು ಬರೆದರೆ ಅದು ನಿಯಮದ ಪ್ರಕಾರ ಇಲ್ಲ ಎಂಬ ಉತ್ತರ ಬರುತ್ತದೆ. ಇಂಥ ದಿನ ಸ್ವೀಕೃತವಾದ ಅಪೀಲು ಈಗ ಯಾವ ಹಂತದಲ್ಲಿದೆ, ತೀರ್ಮಾನ ಆಗಿದ್ದರೆ ಪ್ರತಿ ಕೊಡಿ ಎಂದು ಕೇಳಿದರೆ ಉತ್ತರಿಸುವವರಿಗೂ ಕಡತ ತೆರೆಯದೆ ದಾರಿಯಿಲ್ಲ. ನ್ಯಾಯಮಂಡಳಿಯಲ್ಲಿ ಪ್ರಕರಣ ಇದ್ದರೆ ಈ ಪೋರ್ಟಲ್ ದೂರನ್ನು ಪರಿಗಣಿಸುವುದಿಲ್ಲ.

ಲಕ್ಷಣ: ನ್ಯಾಯಮಂಡಳಿಯ ತಾಣದಲ್ಲಿ ಪ್ರಕರಣ ಸಿಗುತ್ತಿಲ್ಲ

ಮೊದಲು ಪೀಠವನ್ನು ನೋಡಿ. ತಾಣ ತೆರೆದೊಡನೆ ದೆಹಲಿಯ ಪ್ರಧಾನ ಪೀಠದ ಪುಟ ಬಂದರೆ ಅಲ್ಲೇ ಹುಡುಕಲು ತೊಡಗಬೇಡಿ. ಚೆನ್ನೈ ನಮಗೆ ಹತ್ತಿರ ಎಂದು ಅಲ್ಲಿ ಹುಡುಕುವವರೂ ಇದ್ದಾರೆ. ಕರ್ನಾಟಕ ಬರುವುದು ಕೊಚ್ಚಿಯ ಪ್ರಾದೇಶಿಕ ಪೀಠದ ವ್ಯಾಪ್ತಿಗೆ.

ಪೀಠ ಸರಿಯಿದ್ದೂ ಸಿಗದಿದ್ದರೆ ಸಂಖ್ಯೆಯನ್ನು ಪರೀಕ್ಷಿಸಿ. ಅರ್ಜಿ ಸಲ್ಲಿಸಿದ ದಿನ ಸಿಗುವುದು ಡೈರಿ ಸಂಖ್ಯೆ. ಕಚೇರಿ ಅದನ್ನು ಪರಿಶೀಲಿಸಿ, ಲೋಪಗಳಿದ್ದರೆ ಸರಿಪಡಿಸಲು ಹೇಳಿ, ಆಮೇಲೆ ಓಎ (ಮೂಲ ಅರ್ಜಿ) ಸಂಖ್ಯೆ ಕೊಡುತ್ತದೆ. ಡೈರಿ ಸಂಖ್ಯೆಯನ್ನು ಓಎ ಎಂದು ಹಾಕಿದರೆ ಬೇರೆ ಯಾರದೋ ಪ್ರಕರಣ ತೆರೆದುಕೊಳ್ಳಬಹುದು. ತಡವಾಗಿ ಹಾಕಿದ ಅರ್ಜಿಗಳ ಜೊತೆ ವಿಳಂಬ ಮನ್ನಿಸುವಂತೆ ಕೋರುವ ಎಂಎ ಅರ್ಜಿಯೂ ಇರುತ್ತದೆ, ಅದಕ್ಕೆ ಬೇರೆ ಸಂಖ್ಯೆ. ವಕೀಲರ ಗುಮಾಸ್ತರು ಹೇಳಿದ ಸಂಖ್ಯೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಎಂಎ ವಿಲೇವಾರಿ ಎಂದು ಕಂಡರೆ ಎದೆಗುಂದಬೇಡಿ, ವಿಳಂಬವನ್ನು ಮನ್ನಿಸಿ ಮುಖ್ಯ ಅರ್ಜಿಯನ್ನು ಕೈಗೆತ್ತಿಕೊಂಡಿರಬಹುದು. ಆದೇಶದ ಪಿಡಿಎಫ್ ತೆರೆದರೆ ಗೊತ್ತಾಗುತ್ತದೆ. ಸಂಖ್ಯೆಯ ಜೊತೆ ಕೇಳುವ ವರ್ಷ ಓಎ ನೋಂದಣಿಯಾದ ವರ್ಷ; ಡಿಸೆಂಬರ್‌ನಲ್ಲಿ ಸಲ್ಲಿಸಿದ ಅರ್ಜಿ ಮುಂದಿನ ವರ್ಷದ ಸಂಖ್ಯೆ ಪಡೆದಿರಬಹುದು.

ಸಂಖ್ಯೆಯೇ ತಿಳಿಯದಿದ್ದರೆ ಹೆಸರಿನಿಂದ ಹುಡುಕಬೇಕು. ಕನ್ನಡಿಗರ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇರುತ್ತವೆ. ಮಂಜುನಾಥ ಎಂಬ ಹೆಸರಿನ ಕೊನೆಯಲ್ಲಿ ಎ ಇರಬಹುದು, ಇಲ್ಲದಿರಬಹುದು. ಚಂದ್ರಶೇಖರದಲ್ಲಿ ಕೆ ನಂತರ ಎಚ್ ಬಿದ್ದಿರಬಹುದು. ಗೌಡ ಎಂಬುದರ ನಡುವೆ ಡಬ್ಲ್ಯೂ ಅಥವಾ ಯು ಇರಬಹುದು. ಇನಿಷಿಯಲ್ ಮುಂದಿರಬಹುದು, ಹಿಂದಿರಬಹುದು. ಹೆಸರಿಗೆ ಮುಂಚೆ ಎಕ್ಸ್ ಹವಾಲ್ದಾರ್, ಎಕ್ಸ್ ನಾಯಕ್ ಎಂಬ ಪದವಿ ಅಂಟಿಕೊಂಡಿರುವುದೂ ಸಾಮಾನ್ಯ. ಆದ್ದರಿಂದ ಇನಿಷಿಯಲ್ ಮತ್ತು ಪದವಿಯನ್ನು ಬಿಟ್ಟು, ಹೆಸರಿನ ಮೊದಲ ಐದಾರು ಅಕ್ಷರಗಳನ್ನು ಮಾತ್ರ ಹಾಕಿ ನೋಡಿ. ಪತಿ ತೀರಿಕೊಂಡ ಮೇಲೆ ಪತ್ನಿ ಮುಂದುವರಿಸಿದ ಪ್ರಕರಣವಾದರೆ ಪತ್ನಿಯ ಹೆಸರಿನಲ್ಲೂ ಹುಡುಕಿ. ಎದುರು ಪಕ್ಷದ ಹೆಸರಿನಿಂದ ಹುಡುಕಿ ಪ್ರಯೋಜನವಿಲ್ಲ, ಎಲ್ಲ ಪ್ರಕರಣಗಳಲ್ಲೂ ಅದು ಭಾರತ ಸರ್ಕಾರವೇ. ವಕೀಲರ ಹೆಸರಿನಿಂದ ಹುಡುಕಿದರೆ ಪಟ್ಟಿ ಚಿಕ್ಕದಾಗುತ್ತದೆ.

ಲಕ್ಷಣ: ಗೆದ್ದಿದ್ದೇವೆ, ಸ್ಪರ್ಶ್‌ನಲ್ಲಿ ಏನೂ ಬದಲಾಗಿಲ್ಲ

ತೀರ್ಪಿನ ಪ್ರಮಾಣಿತ ಪ್ರತಿ ರೆಕಾರ್ಡ್ ಕಚೇರಿಗೆ ತಲುಪಿದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ವಕೀಲರು ಕಳುಹಿಸಿರುತ್ತಾರೆಂದು ನಂಬಿ ಕೂರದೆ ನೀವೇ ಒಂದು ಪ್ರತಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಅಲ್ಲಿಂದ ಸರ್ಕಾರದ ಮಂಜೂರಾತಿ, ಆಮೇಲೆ ಪ್ರಯಾಗ್‌ರಾಜ್‌ಗೆ ದಾಖಲೆ, ಕೊನೆಗೆ ತಿದ್ದುಪಡಿ ಪಿಪಿಒ. ತೀರ್ಪಿನಲ್ಲಿ ಜಾರಿಗೆ ಕೊಟ್ಟ ಕಾಲಾವಕಾಶ ಮುಗಿದರೂ ಚಲನೆ ಇಲ್ಲದಿದ್ದರೆ ಜಾರಿ ಅರ್ಜಿ ಹಾಕುವ ಹಕ್ಕು ನಿಮಗಿದೆ.

ಆದರೆ ಅದಕ್ಕೆ ಮುಂಚೆ ಇನ್ನೊಂದು ಕಡೆ ನೋಡಿ. ನ್ಯಾಯಮಂಡಳಿಯ ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್ 21ರಂದು ಪರಶೋತ್ತಮ್ ದಾಸ್ ಪ್ರಕರಣದಲ್ಲಿ ಹೇಳಿತು. ನಿಮ್ಮ ಪರವಾಗಿ ಬಂದ ತೀರ್ಪಿನ ವಿರುದ್ಧ ಸರ್ಕಾರ ರಿಟ್ ಅರ್ಜಿ ಹಾಕಿ ತಡೆಯಾಜ್ಞೆ ಪಡೆದಿದ್ದರೆ ಹಣ ಬರುವುದಿಲ್ಲ, ನೋಟಿಸು ಮತ್ತೆ ಅದೇ ಹಳೆಯ ವಿಳಾಸಕ್ಕೆ ಹೋಗಿರಬಹುದು. ಇಕೋರ್ಟ್ಸ್ ಈಗ ಉಪಯೋಗಕ್ಕೆ ಬರುತ್ತದೆ: ಕರ್ನಾಟಕ ಮತ್ತು ಕೇರಳ ಎರಡೂ ಹೈಕೋರ್ಟುಗಳಲ್ಲಿ ಪ್ರತಿವಾದಿಯಾಗಿ ನಿಮ್ಮ ಹೆಸರನ್ನು ಹುಡುಕಿ.

ಈ ಹುಡುಕಾಟದ ನಡುವೆ ಯಾರಾದರೂ ಫೋನ್ ಮಾಡಿ, ನಿಮ್ಮ ಬಾಕಿ ಮಂಜೂರಾಗಿದೆ, ಒಟಿಪಿ ಹೇಳಿ, ಈ ಆ್ಯಪ್ ಇಳಿಸಿಕೊಳ್ಳಿ ಎಂದರೆ ಮಾತು ಮುಂದುವರಿಸದೆ ಫೋನ್ ಇಡಿ. ಪಿಂಚಣಿ ಕಚೇರಿಗೆ ನಿಮ್ಮ ಒಟಿಪಿ ಬೇಕಾಗಿಲ್ಲ. ಹೇಳಿಬಿಟ್ಟಿದ್ದರೆ ಒಂದು ಕ್ಷಣವೂ ನಾಚಿಕೆಪಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ತಿಳಿಸಿ. ಸೇವೆಯಲ್ಲಿ ಆರೋಗ್ಯ ಕಳೆದುಕೊಂಡವರ ಪಿಂಚಣಿಯ ಮೇಲೇ ಕಣ್ಣಿಡುವ ಈ ವಂಚಕರ ಬಗ್ಗೆ ಮನೆಯ ಹಿರಿಯರಿಗೆ ಮೊದಲೇ ತಿಳಿಹೇಳಿ.

ತಿದ್ದುಪಡಿ ಪಿಪಿಒ ಬಂದ ದಿನ ಮೊತ್ತವನ್ನು ನೋಡಿ ಸುಮ್ಮನಾಗದೆ ಲೆಕ್ಕವನ್ನು ಪರಿಶೀಲಿಸಿ. ಶೇಕಡ 100 ಅಂಗವೈಕಲ್ಯಕ್ಕೆ ಕೊನೆಯ ವೇತನದ ಶೇಕಡ 30 ಎಂಬುದು ಆಧಾರ. ಪ್ರಮಾಣವನ್ನು ಮೇಲಕ್ಕೆ ಸರಿಹೊಂದಿಸುವ ಲಾಭವೂ ತೀರ್ಪಿನಲ್ಲಿ ಸಿಕ್ಕಿದ್ದರೆ ಶೇಕಡ 20 ಎಂಬುದು 50 ಆಗುತ್ತದೆ, 50ರಿಂದ 75ರವರೆಗಿನದು 75 ಆಗುತ್ತದೆ, ಅದಕ್ಕೂ ಹೆಚ್ಚಿನದು 100. ವಯೋನಿವೃತ್ತಿ ಹೊಂದಿದವರಿಗೂ ಈ ಲಾಭ ಸಲ್ಲುತ್ತದೆ ಎಂದು 2014ರ ಡಿಸೆಂಬರ್ 10ರ ರಾಮ್ ಅವತಾರ್ ತೀರ್ಪು ಹೇಳಿದೆ. ಕೊನೆಯ ವೇತನ 40,000 ರೂಪಾಯಿ, ಪ್ರಮಾಣ 50ಕ್ಕೆ ಏರಿದೆ ಎಂದಾದರೆ ತಿಂಗಳಿಗೆ 6,000 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆ ಬರಬೇಕು. 20ರ ಲೆಕ್ಕದಲ್ಲೇ 2,400 ಎಂದಿದ್ದರೆ ಸರಿಹೊಂದಿಸುವುದು ಬಿಟ್ಟುಹೋಗಿದೆ. 2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿರುವುದರಿಂದ ಆ ನಂತರ ನಿವೃತ್ತರಾದವರು ಈ ಲೆಕ್ಕವನ್ನು ತಮಗೆ ಹಾಗೆಯೇ ಅನ್ವಯಿಸಿಕೊಳ್ಳಬಾರದು. ವ್ಯತ್ಯಾಸ ಕಂಡರೆ ತೀರ್ಪಿನ ಕೊನೆಯ ಪುಟವನ್ನೂ ತಿದ್ದುಪಡಿ ಪಿಪಿಒವನ್ನೂ ಲಗತ್ತಿಸಿ ಸ್ಪರ್ಶ್‌ನಲ್ಲೇ ದೂರು ದಾಖಲಿಸಿ, ಅದರ ಪ್ರತಿಯನ್ನು ರೆಕಾರ್ಡ್ ಕಚೇರಿಗೂ ಕಳುಹಿಸಿ.